‘ದಟ್’ ಆದ ಮೇಲಿನ ಮೊದಲ ಜಾಗ

ಮಳೆಗಾಲದಲ್ಲಿ ಕೊಡಗಿನ ತಂದೆತಾಯಂದಿರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುವಂಥ ಒಂದು ಇಂಗ್ಲಿಷ್ ಸಾಲು ತೆಗೆದುಕೊಳ್ಳೋಣ: ‘ದಿ ಆಫೀಸರ್ ಸೆಡ್ ಆನ್ ಥರ್ಸ್‌ಡೇ ಸ್ಕೂಲ್ಸ್ ವುಡ್ ಬಿ ಕ್ಲೋಸ್ಡ್.’ ಗುರುವಾರ ರಾತ್ರಿ ಈ ಸಾಲು ಬಂತೆನ್ನಿ. ಅಧಿಕಾರಿ ಇವತ್ತು ಹೇಳಿದ್ದಾರೆ, ಹಾಗಾದರೆ ರಜೆ ನಾಳೆ ಇರಬೇಕು ಎಂದು ನಾಪೋಕ್ಲಿನ ಒಬ್ಬ ತಾಯಿ ಓದುತ್ತಾರೆ. ರಜೆ ಇದ್ದದ್ದು ಇವತ್ತೇ, ಮುಗಿಯಿತು, ನಾಳೆ ಶಾಲೆ ಉಂಟು ಎಂದು ಸೋಮವಾರಪೇಟೆಯ ಒಬ್ಬ ತಂದೆ ಓದುತ್ತಾರೆ. ಇಬ್ಬರಿಗೂ ಇಂಗ್ಲಿಷ್ ಚೆನ್ನಾಗಿಯೇ ಗೊತ್ತು. ಸಾಲಿನಲ್ಲಿ ವ್ಯಾಕರಣದ ತಪ್ಪೂ ಇಲ್ಲ. ಆದರೆ ಅದರೊಳಗೆ ಎರಡು ವಾಕ್ಯಗಳು ಒಂದರ ಮೇಲೊಂದು ಕೂತಿವೆ, ಯಾವುದು ಬರೆದವರ ಮನಸ್ಸಿನದು ಎಂದು ತಿಳಿಯುವ ದಾರಿ ಓದುವವರಿಗೆ ಇಲ್ಲ.

ಈಗ ಅದೇ ಸಾಲಿಗೆ ‘ದಟ್’ ಸೇರಿಸಿ ನೋಡಿ. ‘ಸೆಡ್ ಆನ್ ಥರ್ಸ್‌ಡೇ ದಟ್ ಸ್ಕೂಲ್ಸ್ ವುಡ್ ಬಿ ಕ್ಲೋಸ್ಡ್’ ಎಂದರೆ ಗುರುವಾರ ಹೇಳಿದ್ದು. ‘ಸೆಡ್ ದಟ್ ಆನ್ ಥರ್ಸ್‌ಡೇ ಸ್ಕೂಲ್ಸ್ ವುಡ್ ಬಿ ಕ್ಲೋಸ್ಡ್’ ಎಂದರೆ ಗುರುವಾರ ರಜೆ. ಪದಗಳು ಅವೇ, ‘ದಟ್’ ನಿಂತ ಜಾಗ ಮಾತ್ರ ಬದಲಾಗಿದೆ. ‘ದಟ್’ ಅನ್ನು ತೋಟದ ಗೇಟು ಎಂದುಕೊಳ್ಳಿ. ಗೇಟಿನಿಂದ ಈಚೆ ಇರುವುದೆಲ್ಲ ‘ಹೇಳಿದರು’ ಎಂಬ ಕ್ರಿಯೆಗೆ ಸೇರಿದ್ದು, ಗೇಟು ದಾಟಿದ ಮೇಲೆ ಸಿಗುವುದೆಲ್ಲ ಹೇಳಿದ ವಿಷಯಕ್ಕೆ ಸೇರಿದ್ದು.

‘ಆನ್ ಥರ್ಸ್‌ಡೇ’, ‘ಇನ್ ಮಡಿಕೇರಿ’, ‘ಆಫ್ಟರ್ ದಿ ರೇನ್ಸ್’, ‘ಅಂಡರ್ ದಿ ನ್ಯೂ ರೂಲ್’ ಇಂಥವುಗಳನ್ನು ಪ್ರೆಪೊಸಿಷನ್ ಗುಚ್ಛ ಎನ್ನೋಣ. ಮುಂದೊಂದು ಪ್ರೆಪೊಸಿಷನ್, ಹಿಂದೊಂದು ನಾಮಪದ. ನಾವು ಕನ್ನಡದಲ್ಲಿ ‘ಮಡಿಕೇರಿಯಲ್ಲಿ’, ‘ಗುರುವಾರದಂದು’, ‘ಮಳೆಯ ನಂತರ’ ಎಂದು ನಾಮಪದದ ಬಾಲಕ್ಕೆ ಅಂಟಿಸುವುದನ್ನು ಇಂಗ್ಲಿಷಿನವರು ಮುಂದಕ್ಕೆ ಇಡುತ್ತಾರೆ. ‘ದಟ್’ನಿಂದ ಶುರುವಾಗುವ ಉಪವಾಕ್ಯದ ಬಾಗಿಲಲ್ಲೇ ಇಂಥ ಗುಚ್ಛ ಬಂದು ನಿಂತಾಗ ಏನೇನಾಗುತ್ತದೆ ಎಂಬುದು ಇಲ್ಲಿಯ ವಿಷಯ. ಇಂಗ್ಲಿಷ್ ಬರೆಯುವ ಕನ್ನಡಿಗರಿಗೆ ಇದು ಬಹಳ ಉಪಯೋಗದ ಜಾಗ, ಆದರೆ ಶಾಲೆಯಲ್ಲಿ ಇದನ್ನು ಹೇಳಿಕೊಡುವುದು ಕಡಿಮೆ. ಎಷ್ಟೋ ಕಡೆ ‘ದಟ್ ಆದ ಕೂಡಲೇ ಕರ್ತೃ ಬರಬೇಕು’ ಎಂದು ಕಲಿಸಿ, ಮಕ್ಕಳು ಬರೆದ ಸರಿಯಾದ ವಾಕ್ಯಕ್ಕೇ ಕೆಂಪು ಗೆರೆ ಎಳೆಯುತ್ತಾರೆ. ಅಂಥ ನಿಯಮ ಇಂಗ್ಲಿಷಿನಲ್ಲಿ ಇಲ್ಲ. ‘ದಟ್’ಗೂ ಕರ್ತೃವಿಗೂ ನಡುವೆ ಸಮಯ, ಸ್ಥಳ, ಕಾರಣ, ಷರತ್ತು ಯಾವುದನ್ನಾದರೂ ಇಡಬಹುದು. ಒಳ್ಳೆಯ ಇಂಗ್ಲಿಷ್ ಗದ್ಯದ ಯಾವ ಪುಟ ತೆರೆದರೂ ಇಂಥ ವಾಕ್ಯಗಳು ಸಿಗುತ್ತವೆ.

ನಮಗೆ ಇದು ಯಾಕೆ ತೊಡಕೆನಿಸುತ್ತದೆ ಎಂದು ನೋಡಿದರೆ, ಕನ್ನಡದ ವಾಕ್ಯ ಬೇರೆ ತುದಿಯಿಂದ ಕಟ್ಟಿಕೊಂಡು ಬರುತ್ತದೆ. ‘ಶಾಲೆಗಳಿಗೆ ಗುರುವಾರ ರಜೆ ಎಂದು ಅಧಿಕಾರಿ ಹೇಳಿದರು.’ ಇಲ್ಲಿ ‘ಎಂದು’ ಬರುವುದು ಹೇಳಿದ ವಿಷಯ ಮುಗಿದ ಮೇಲೆ. ಅಂದರೆ ಕನ್ನಡದಲ್ಲಿ ಉಪವಾಕ್ಯ ಎಲ್ಲಿ ಮುಗಿಯಿತು ಎಂಬುದಕ್ಕೆ ಗುರುತು ಇದೆ, ಎಲ್ಲಿ ಶುರುವಾಯಿತು ಎಂಬುದಕ್ಕೆ ಇಲ್ಲ. ಹಾಗಾಗಿ ನಮ್ಮ ಗೊಂದಲವೆಲ್ಲ ಶುರುವಿನಲ್ಲಿ: ‘ಅಧಿಕಾರಿ ಗುರುವಾರ ಶಾಲೆಗಳಿಗೆ ರಜೆ ಎಂದು ಹೇಳಿದರು.’ ವಾಟ್ಸ್‌ಆ್ಯಪ್ ಸಾಲಿನ ಗೊಂದಲವೇ ಇಲ್ಲಿಯೂ ಇದೆ. ‘ಗುರುವಾರ’ವನ್ನು ‘ಎಂದು’ವಿನ ಆಚೆಗೆ ದಾಟಿಸಿ ‘ಶಾಲೆಗಳಿಗೆ ರಜೆ ಎಂದು ಅಧಿಕಾರಿ ಗುರುವಾರ ಹೇಳಿದರು’ ಎಂದರೆ ಗೊಂದಲ ಕರಗುತ್ತದೆ. ಇಂಗ್ಲಿಷಿನಲ್ಲಿ ಉಲ್ಟಾ: ‘ದಟ್’ ಶುರುವನ್ನು ತೋರಿಸುತ್ತದೆ, ಮುಗಿದದ್ದನ್ನು ತೋರಿಸುವ ಪದ ಇಲ್ಲ. ಆದ್ದರಿಂದ ಅವರ ಗೊಂದಲ ವಾಕ್ಯದ ಬಾಲದಲ್ಲಿ ಕಾಣಿಸಿಕೊಳ್ಳುತ್ತದೆ.

ಬಾಲದ ಗೊಂದಲಕ್ಕೆ ಒಂದು ಉದಾಹರಣೆ. ‘ಹಿ ಟೋಲ್ಡ್ ಮಿ ದಟ್ ಹಿ ಹ್ಯಾಡ್ ಸೋಲ್ಡ್ ದಿ ಪೆಪ್ಪರ್ ಇನ್ ಕುಶಾಲನಗರ.’ ಕರಿಮೆಣಸು ಮಾರಿದ್ದು ಕುಶಾಲನಗರದಲ್ಲೋ, ಮಾರಿದ ಸುದ್ದಿಯನ್ನು ನನಗೆ ಹೇಳಿದ್ದು ಕುಶಾಲನಗರದಲ್ಲೋ? ಓದುವವರು ಸಾಮಾನ್ಯವಾಗಿ ಹತ್ತಿರದ ಕ್ರಿಯಾಪದಕ್ಕೆ ಜೋಡಿಸುತ್ತಾರೆ, ಅಂದರೆ ಮಾರಿದ್ದು ಅಲ್ಲಿ ಎಂದುಕೊಳ್ಳುತ್ತಾರೆ. ಆದರೆ ಅದು ಅಂದಾಜು ಅಷ್ಟೆ. ‘ದಟ್’ ಇದ್ದರೂ ಬಾಲದಲ್ಲಿ ಕೂತ ಗುಚ್ಛ ಒಳಗಿನದ್ದೂ ಆಗಬಹುದು, ಒಳಗಿನದನ್ನು ಹಾರಿ ಹೊರಗಿನ ಕ್ರಿಯಾಪದಕ್ಕೂ ಸೇರಬಹುದು. ಅದನ್ನೇ ‘ದಟ್’ ಆದ ಕೂಡಲೇ ತಂದಿಡಿ: ‘ಹಿ ಟೋಲ್ಡ್ ಮಿ ದಟ್ ಇನ್ ಕುಶಾಲನಗರ ಹಿ ಹ್ಯಾಡ್ ಸೋಲ್ಡ್ ದಿ ಪೆಪ್ಪರ್.’ ಈಗ ಕುಶಾಲನಗರ ‘ಟೋಲ್ಡ್’ ಪದಕ್ಕೆ ಸೇರುವ ಸಾಧ್ಯತೆಯೇ ಇಲ್ಲ.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಗುಚ್ಛವೊಂದು ಹೇಳಿದ ವಿಷಯಕ್ಕೆ ಸೇರಿದ್ದೇ ಹೊರತು ಹೇಳಿದ ಕ್ರಿಯೆಗಲ್ಲ ಎಂದು ಖಚಿತಪಡಿಸಲು ಇಂಗ್ಲಿಷಿನಲ್ಲಿ ಇರುವ ಅತಿ ಭದ್ರ ಜಾಗ ‘ದಟ್’ ಆದ ಮೇಲಿನ ಮೊದಲ ಜಾಗ. ಹೇಳಿದ ಕ್ರಿಯೆಗೆ ಸೇರಿದ್ದಾದರೆ ಅಷ್ಟೇ ಭದ್ರವಾದದ್ದು ‘ದಟ್’ಗಿಂತ ಹಿಂದಿನ ಜಾಗ. ಬಾಲ ಮಾತ್ರ ಸಂದರ್ಭವನ್ನು ನಂಬಿಕೊಂಡು ಬದುಕುವ ಜಾಗ.

ಈ ಭದ್ರತೆಗೆ ಒಂದು ಬೆಲೆಯೂ ಇದೆ. ಮುಂದಕ್ಕೆ ತಂದಿಟ್ಟ ಗುಚ್ಛಕ್ಕೆ ತೂಕ ಬರುತ್ತದೆ. ‘ದಟ್ ಇನ್ ಕುಶಾಲನಗರ…’ ಎಂದ ಕೂಡಲೇ ಓದುವವರು ‘ಹಾಗಾದರೆ ಬೇರೆ ಊರಲ್ಲಿ ಏನಾಯಿತು?’ ಎಂದು ಸ್ವಲ್ಪ ಕಾಯುತ್ತಾರೆ. ಹೋಲಿಕೆ ಇದ್ದಾಗ, ಅಥವಾ ಮುಂದೆ ಬರುವ ಎಲ್ಲದಕ್ಕೂ ಹಿನ್ನೆಲೆ ಹಾಸಬೇಕಾದಾಗ ಇದು ಚೆನ್ನಾಗಿ ಒಪ್ಪುತ್ತದೆ. ಕ್ರಿಯಾಪದಕ್ಕೆ ಬೇಕೇ ಬೇಕಾದ ಗುಚ್ಛವನ್ನು ಹೀಗೆ ಮುಂದಕ್ಕೆ ಎಳೆದರೆ ವಾಕ್ಯ ತೊಡರುತ್ತದೆ. ‘ಹಿ ಸೆಡ್ ದಟ್ ಇನ್ ದಿ ಸ್ಯಾಕ್ ಹಿ ಪುಟ್ ದಿ ಕಾಫಿ’ ಎಂದು ಯಾರೂ ಬರೆಯುವುದಿಲ್ಲ, ಏಕೆಂದರೆ ಎಲ್ಲಿ ಹಾಕಿದ ಎಂಬುದಿಲ್ಲದೆ ‘ಪುಟ್’ ಪೂರ್ತಿಯಾಗುವುದೇ ಇಲ್ಲ. ಸಮಯ, ಸ್ಥಳ, ಷರತ್ತು, ಕಾರಣ ಹೇಳುವ, ತೆಗೆದರೂ ವಾಕ್ಯ ನಿಲ್ಲುವಂಥ ಗುಚ್ಛಗಳಿಗೆ ಈ ಜಾಗ ಹೊಂದುತ್ತದೆ.

ಇನ್ನು ‘ದಟ್’ ಬಿಟ್ಟುಬಿಡುವ ವಿಚಾರ. ‘ಸೇ’, ‘ಥಿಂಕ್’, ‘ನೋ’, ‘ಬಿಲೀವ್’ ಇವುಗಳ ಮುಂದೆ ‘ದಟ್’ ಇಲ್ಲದೆಯೂ ಇಂಗ್ಲಿಷ್ ನಡೆಯುತ್ತದೆ. ‘ಐ ಥಿಂಕ್ ಇಟ್ ವಿಲ್ ರೇನ್’ ಎನ್ನುವುದರಲ್ಲಿ ‘ದಟ್’ ಹುಡುಕುವವರಿಲ್ಲ. ಮಾತಿನಲ್ಲಂತೂ ಉಸಿರು ನಿಲ್ಲಿಸುವ ಜಾಗವೇ ಗೇಟಿನ ಕೆಲಸ ಮಾಡಿಬಿಡುತ್ತದೆ. ಬರವಣಿಗೆಯಲ್ಲಿ ಆ ಉಸಿರು ಕೇಳಿಸುವುದಿಲ್ಲ. ಉಪವಾಕ್ಯ ಕರ್ತೃವಿನಿಂದಲೇ ಶುರುವಾದರೆ ‘ದಟ್’ ಬಿಟ್ಟರೂ ಹೆಚ್ಚಿನ ನಷ್ಟವಿಲ್ಲ, ಆದರೆ ಗುಚ್ಛದಿಂದ ಶುರುವಾದರೆ ಬಿಡಲೇಬಾರದು. ದಿನ, ಸಮಯಗಳ ಜೊತೆಗೇ ಬದುಕುವ ಪತ್ರಕರ್ತರಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ತನ್ನ ವರದಿಗಾರರಿಗೆ ಹಾಕಿಕೊಟ್ಟ ಶೈಲಿಯಲ್ಲಿ, ಕ್ರಿಯಾಪದಕ್ಕೂ ಉಪವಾಕ್ಯಕ್ಕೂ ನಡುವೆ ದಿನವೋ ಸಮಯವೋ ಬಂದರೆ ‘ದಟ್’ ಹಾಕಬೇಕೆಂದು ಸ್ಪಷ್ಟವಾಗಿಯೇ ಇದೆ.

ದಿನದ ಹೆಸರಾದರೆ ಕನಿಷ್ಠ ಓದಿದ ಮೇಲಾದರೂ ಅನುಮಾನ ಬರುತ್ತದೆ. ಅದಕ್ಕಿಂತ ತೊಂದರೆ ಕೊಡುವುದು ಕ್ರಿಯಾಪದಕ್ಕೆ ಅಂಟಿಕೊಳ್ಳುವ ಪ್ರೆಪೊಸಿಷನ್. ನಮ್ಮ ಕಡೆಯ ಹೋಂಸ್ಟೇ, ಕಾಫಿ ಮಾರಾಟದ ಇಂಗ್ಲಿಷ್ ಕರಪತ್ರದಲ್ಲಿ ಬರಬಹುದಾದ ಒಂದು ವಾಕ್ಯ ನೋಡಿ: ‘ವಿ ಬಿಲೀವ್ ಇನ್ ಕೂರ್ಗ್ ಕಾಫಿ ಗ್ರೋಸ್ ಬೆಸ್ಟ್ ಅಂಡರ್ ಶೇಡ್.’ ಕೊಡಗಿನಲ್ಲಿ ಕಾಫಿ ಮರದ ನೆರಳಲ್ಲೇ ಚೆನ್ನಾಗಿ ಬೆಳೆಯುತ್ತದೆ ಎಂಬುದು ನಮ್ಮ ನಂಬಿಕೆ, ಬರೆದವರು ಹೇಳಹೊರಟದ್ದು ಇಷ್ಟು. ಆದರೆ ‘ಬಿಲೀವ್ ಇನ್’ ಎಂಬುದು ಇಂಗ್ಲಿಷಿನಲ್ಲಿ ಒಂದೇ ಉಸಿರಿನ ಮಾತು, ಯಾವುದರಲ್ಲಾದರೂ ನಂಬಿಕೆ ಇಡುವುದು ಎಂದರ್ಥ. ಓದುವವರ ಕಣ್ಣು ‘ವಿ ಬಿಲೀವ್ ಇನ್ ಕೂರ್ಗ್’ ಎಂದು ಓದಿ, ಅಲ್ಲಿಗೆ ನಿಲ್ಲದೆ ‘ವಿ ಬಿಲೀವ್ ಇನ್ ಕೂರ್ಗ್ ಕಾಫಿ’ ಎಂದೂ ಓದಿಬಿಡುತ್ತದೆ. ಅಷ್ಟು ಹೊತ್ತಿಗೆ ‘ಗ್ರೋಸ್’ ಎದುರಾಗಿ ವಾಕ್ಯ ಮುಗ್ಗರಿಸುತ್ತದೆ. ಮತ್ತೆ ಮೊದಲಿನಿಂದ ಓದಬೇಕು.

ಇದಕ್ಕೆ ಎರಡು ಕಡೆ ರಿಪೇರಿ ಬೇಕು. ಮೊದಲನೆಯದು ‘ದಟ್’: ‘ವಿ ಬಿಲೀವ್ ದಟ್ ಇನ್ ಕೂರ್ಗ್ ಕಾಫಿ ಗ್ರೋಸ್…’ ಈಗ ‘ಬಿಲೀವ್’ ಮತ್ತು ‘ಇನ್’ ಬೇರ್ಪಟ್ಟವು. ಆದರೂ ‘ಕೂರ್ಗ್ ಕಾಫಿ’ ಅಂಟಿಕೊಂಡೇ ಇದೆ. ಕೂರ್ಗ್ ಅರೇಬಿಕಾ ಕಾಫಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ, ಆ ಎರಡು ಪದಗಳನ್ನು ಜೋಡಿಯಾಗಿ ಓದುವುದು ಜನರಿಗೆ ರೂಢಿ. ಹಾಗಾಗಿ ಎರಡನೆಯ ರಿಪೇರಿ ಅಲ್ಪವಿರಾಮ: ‘ವಿ ಬಿಲೀವ್ ದಟ್ ಇನ್ ಕೂರ್ಗ್, ಕಾಫಿ ಗ್ರೋಸ್ ಬೆಸ್ಟ್ ಅಂಡರ್ ಶೇಡ್.’ ಈಗ ಯಾರು ಓದಿದರೂ ಒಂದೇ ಅರ್ಥ. ‘ಬಿಲೀವ್ ಇನ್’ ಹಾಗೆಯೇ ‘ಲರ್ನ್ ಫ್ರಂ’, ‘ಅಗ್ರೀ ಆನ್’, ‘ಹಿಯರ್ ಫ್ರಂ’, ‘ಡ್ರೀಮ್ ಆಫ್’ ಇವೆಲ್ಲ ಅಂಟುವ ಜೋಡಿಗಳು. ‘ವಿ ಅಗ್ರೀಡ್ ಆನ್ ಸಂಡೇ ದಿ ವರ್ಕರ್ಸ್ ವುಡ್ ಗೆಟ್ ಎ ಹಾಲಿಡೇ’ ಎಂದು ಬರೆದರೆ ಭಾನುವಾರ ಒಪ್ಪಿದ್ದೋ, ಭಾನುವಾರಕ್ಕೆ ಒಪ್ಪಿದ್ದೋ, ಭಾನುವಾರ ರಜೆಯೋ ಎಂದು ಮೂರು ದಾರಿ ತೆರೆಯುತ್ತದೆ. ಕಾಫಿ ಕೊಯ್ಲಿನ ಸಮಯದಲ್ಲಿ ಅಂಥ ವಾಕ್ಯದ ಮೇಲೆ ನಡೆಯುವ ಜಗಳ ಸಣ್ಣದಲ್ಲ.

ಅಲ್ಪವಿರಾಮದ ಬಗ್ಗೆ ಒಂದು ಮಾತು. ಗುಚ್ಛ ಚಿಕ್ಕದಿದ್ದು ಪಕ್ಕದ ಪದಕ್ಕೆ ಅಂಟುವ ಭಯವಿಲ್ಲದಿದ್ದರೆ ಅಲ್ಪವಿರಾಮವೇ ಬೇಡ. ಉದ್ದವಾಗಿದ್ದರೆ ಗುಚ್ಛ ಮುಗಿದಲ್ಲಿ ಒಂದು ಹಾಕಿದರೆ ಸಾಕು. ‘ದಟ್’ ಆದ ಕೂಡಲೇ ಒಂದು ಹಾಕಿದಿರೋ, ಗುಚ್ಛದ ಕೊನೆಯಲ್ಲಿ ಇನ್ನೊಂದನ್ನು ಹಾಕಲೇಬೇಕು. ಒಂದನ್ನು ತೆರೆದು ಇನ್ನೊಂದನ್ನು ಮರೆತರೆ ವಾಕ್ಯ ಬಾಯಿ ತೆರೆದುಕೊಂಡೇ ಉಳಿಯುತ್ತದೆ.

ಮುಂದೆ ಇಟ್ಟ ಗುಚ್ಛದ ಇನ್ನೊಂದು ಗುಣ ವರದಿ ಬರೆಯುವವರಿಗೆ ಬಹಳ ಬೇಕಾದದ್ದು. ‘ದಿ ರಿಪೋರ್ಟ್ ಸೇಸ್ ದಟ್ ಇನ್ ಆಗಸ್ಟ್ 2018 ಹಿಲ್ಸ್ ಸ್ಲಿಡ್, ರೋಡ್ಸ್ ಸ್ಯಾಂಕ್ ಅಂಡ್ ಫ್ಯಾಮಿಲೀಸ್ ಲಾಸ್ಟ್ ದೇರ್ ಹೋಮ್ಸ್.’ ಗುಡ್ಡ ಜಾರಿದ್ದು, ರಸ್ತೆ ಕುಸಿದದ್ದು, ಮನೆ ಕಳೆದುಕೊಂಡದ್ದು, ಮೂರೂ 2018ರ ಆಗಸ್ಟ್‌ನಲ್ಲೇ. ಮಕ್ಕಂದೂರು, ಜೋಡುಪಾಲದ ಆ ದಿನಗಳನ್ನು ಕಂಡವರಿಗೆ ಮೂರೂ ಒಟ್ಟಿಗೇ ನಡೆದದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೂರದ ಓದುಗರಿಗೆ ಹೇಳಬೇಕು. ‘ಇನ್ ಆಗಸ್ಟ್ 2018’ ಅನ್ನು ಬಾಲಕ್ಕೆ ತಳ್ಳಿದರೆ ಅದು ಕೊನೆಯ ಘಟನೆಗೆ ಮಾತ್ರ ಸೇರಿದಂತೆ ಕಾಣುತ್ತದೆ. ಮುಂದೆ ಇಟ್ಟರೆ ಅದರ ನೆರಳು ಮೂರರ ಮೇಲೂ ಬೀಳುತ್ತದೆ.

ಕಾಲ ಬದಲಾದಾಗ ಇನ್ನೊಂದು ‘ದಟ್’ ಬೇಕು. ‘ದಿ ರಿಪೋರ್ಟ್ ಸೇಸ್ ದಟ್ ಇನ್ 2018 ದಿ ಹಿಲ್ಸ್ ನಿಯರ್ ಮಡಿಕೇರಿ ಸ್ಲಿಡ್ ಅಂಡ್ ದಟ್ ಇನ್ 2020 ಎ ಸ್ಲೈಡ್ ಸ್ಟ್ರಕ್ ತಲಕಾವೇರಿ.’ ಎರಡನೆಯ ‘ದಟ್’ ತೆಗೆದುಬಿಟ್ಟರೆ 2020ರ ಮಾತನ್ನು ವರದಿ ಹೇಳಿತೋ, ಬರೆಯುತ್ತಿರುವವರೇ ಸೇರಿಸಿದರೋ ಎಂಬ ಸಂಶಯ ಹುಟ್ಟುತ್ತದೆ. ಯಾರ ಮಾತು ಯಾರದು ಎಂಬುದು ಪತ್ರಿಕೆಯಲ್ಲೂ ನ್ಯಾಯಾಲಯದಲ್ಲೂ ಸಣ್ಣ ವಿಷಯ ಅಲ್ಲ.

ಈಗ ಕನ್ನಡಿಗರು ಹೆಚ್ಚಾಗಿ ಎಡವುವ ಜಾಗಕ್ಕೆ ಬರೋಣ. ಮುಂದಿಟ್ಟ ಗುಚ್ಛದಲ್ಲೇ ನಿಷೇಧ ಇದ್ದರೆ ಇಂಗ್ಲಿಷ್ ವಾಕ್ಯದ ಒಳಗಿನ ಕ್ರಮವೇ ಬದಲಾಗುತ್ತದೆ. ‘ಹಿ ಸೆಡ್ ದಟ್ ಅಂಡರ್ ನೋ ಸರ್ಕಮ್‌ಸ್ಟ್ಯಾನ್ಸಸ್ ವುಡ್ ಹಿ ಸೆಲ್ ದಿ ಲ್ಯಾಂಡ್.’ ‘ಹಿ ವುಡ್’ ಅಲ್ಲ, ‘ವುಡ್ ಹಿ’, ಪ್ರಶ್ನೆ ಕೇಳುವಾಗಿನ ಕ್ರಮ. ‘ಅಟ್ ನೋ ಟೈಮ್’, ‘ಆನ್ ನೋ ಅಕೌಂಟ್’, ‘ಇನ್ ನೋ ವೇ’ ಇವಕ್ಕೂ ಹೀಗೇ. ‘ಓನ್ಲಿ’ ಸೇರಿದಾಗಲೂ ಅಷ್ಟೇ: ‘ದಟ್ ಓನ್ಲಿ ಆಫ್ಟರ್ ದಿ ರೇನ್ಸ್ ವುಡ್ ದಿ ರೋಡ್ ಬಿ ರಿಪೇರ್ಡ್’, ಅಂದರೆ ಮಳೆ ಮುಗಿದ ಮೇಲಷ್ಟೇ ರಸ್ತೆ ರಿಪೇರಿ. ‘ದಟ್’ ಒಳಗಿದ್ದರೆ ಈ ತಿರುವು ಬೇಡ ಎಂದು ಕೆಲವರು ತಿಳಿದಿದ್ದಾರೆ. ಹಾಗಿಲ್ಲ, ಒಳಗೂ ಬೇಕು.

ನಮಗೆ ಇದು ಕಷ್ಟವಾಗುವುದಕ್ಕೆ ಕಾರಣ ಕನ್ನಡದಲ್ಲಿ ನಿಷೇಧ ಕ್ರಿಯಾಪದದಲ್ಲಿ ಕೂರುತ್ತದೆ. ‘ಯಾವ ಕಾರಣಕ್ಕೂ ಜಾಗ ಮಾರುವುದಿಲ್ಲ.’ ‘ಯಾವ ಕಾರಣಕ್ಕೂ’ ಎಂಬಲ್ಲಿ ‘ಇಲ್ಲ’ ಇಲ್ಲ, ಅದು ಕೊನೆಗೆ ಕ್ರಿಯಾಪದದ ಜೊತೆ ಬರುತ್ತದೆ. ಇಂಗ್ಲಿಷಿನ ‘ಅಂಡರ್ ನೋ ಸರ್ಕಮ್‌ಸ್ಟ್ಯಾನ್ಸಸ್’ನಲ್ಲಿ ‘ನೋ’ ಆಗಲೇ ಬಂದುಬಿಟ್ಟಿದೆ, ಕ್ರಿಯಾಪದಕ್ಕೆ ಮತ್ತೆ ‘ನಾಟ್’ ಹಚ್ಚಬಾರದು. ಹಚ್ಚಿದರೆ ‘ಮಾರದೇ ಇರುವ ಪ್ರಸಂಗವೇ ಇಲ್ಲ’ ಎಂದು ಅರ್ಥ ತಿರುಗಿಬಿಡುತ್ತದೆ. ಜಮೀನಿನ ಪತ್ರದಲ್ಲಿ ಹಾಗೆ ಬರೆದರೆ ಏನಾದೀತು ಎಂದು ಯೋಚಿಸಿ. ಇದರಲ್ಲಿ ಒಂದು ಸೂಕ್ಷ್ಮವೂ ಇದೆ: ‘ಇನ್ ನೋ ಟೈಮ್’ ಎಂದರೆ ‘ಕ್ಷಣಮಾತ್ರದಲ್ಲಿ’. ಅಲ್ಲಿ ‘ನೋ’ ಇದ್ದರೂ ವಾಕ್ಯ ನಿಷೇಧವಾಗುವುದಿಲ್ಲ, ಹಾಗಾಗಿ ಕ್ರಮವೂ ತಿರುಗುವುದಿಲ್ಲ. ‘ಹಿ ಸೆಡ್ ದಟ್ ಇನ್ ನೋ ಟೈಮ್ ಹಿ ವುಡ್ ಫಿನಿಶ್’ ಎಂಬುದೇ ಸರಿ. ಕ್ರಮ ತಿರುಗಿಸುವುದು ‘ನೋ’ ಎಂಬ ಪದ ಅಲ್ಲ, ಇಡೀ ವಾಕ್ಯಕ್ಕೆ ತಾಗುವ ನಿಷೇಧ.

ಭಾಷಾಶಾಸ್ತ್ರಜ್ಞರಿಗೂ ಈ ಜಾಗದ ಮೇಲೆ ಬಹಳ ಆಸಕ್ತಿ. ‘ವಿಚ್ ರೋಡ್ ಡಿಡ್ ಹಿ ಸೇ ದಟ್ ವುಡ್ ಬಿ ಕ್ಲೋಸ್ಡ್?’ ಎಂದರೆ ಇಂಗ್ಲಿಷ್ ಮನೆಮಾತಿನವರಲ್ಲಿ ಹೆಚ್ಚಿನವರಿಗೆ ಕಿವಿ ಒಪ್ಪುವುದಿಲ್ಲ, ‘ದಟ್’ ತೆಗೆದರೆ ಸರಿಹೋಗುತ್ತದೆ. ಆದರೆ ‘ದಟ್’ ಉಳಿಸಿಕೊಂಡೇ ಅದರ ಬಲಕ್ಕೆ ಒಂದು ಗುಚ್ಛ ಇಟ್ಟರೆ, ‘ವಿಚ್ ರೋಡ್ ಡಿಡ್ ಹಿ ಸೇ ದಟ್ ಇನ್ ಹೆವಿ ರೇನ್ ವುಡ್ ಬಿ ಕ್ಲೋಸ್ಡ್?’ ಎಂದರೆ, ಕಿವಿ ಬಹಳ ಮಟ್ಟಿಗೆ ಸಮಾಧಾನಗೊಳ್ಳುತ್ತದೆ. ಜೋನ್ ಬ್ರೆಸ್ನನ್ 1977ರಲ್ಲಿ ಇದನ್ನು ಗಮನಿಸಿದ್ದರು, ಪೀಟರ್ ಕುಲಿಕವರ್ 1993ರಲ್ಲಿ ಇದನ್ನೇ ಹಿಡಿದು ಹಳೆಯ ವಿವರಣೆಗಳನ್ನು ಪ್ರಶ್ನಿಸಿದರು. ಇಟಲಿಯ ಲುಯೀಜಿ ರಿಟ್ಸಿ 1997ರಲ್ಲಿ, ‘ದಟ್’ಗೂ ಕರ್ತೃವಿಗೂ ನಡುವೆ ಇರುವುದು ಬರಿದಾದ ಸಂದಿ ಅಲ್ಲ, ವಿಷಯವನ್ನು ಎತ್ತಿ ಹೇಳಲು, ಒತ್ತು ಕೊಡಲು ಬೇರೆ ಬೇರೆ ಅಂಕಣಗಳಿವೆ ಎಂದು ವಾದಿಸಿದರು. ತರಗತಿಯಲ್ಲಿ ಕೆಂಪು ಗೆರೆ ಬೀಳುವ ಜಾಗದಲ್ಲಿ ಇಷ್ಟು ದೊಡ್ಡ ಸಂಶೋಧನೆ ನಡೆದಿದೆ.

ಕೊನೆಯದಾಗಿ ಅರ್ಜಿಯ ಇಂಗ್ಲಿಷ್. ಆನೆ ತೋಟಕ್ಕೆ ನುಗ್ಗಿ ಹಾಳುಗೆಡವಿದಾಗ ಪರಿಹಾರಕ್ಕೆ ಬರೆಯುವ ಪತ್ರದ ಒಂದು ವಾಕ್ಯ ಹೀಗಿರಬಹುದು: ‘ಐ ಸ್ಟೇಟ್ ದಟ್ ಆನ್ ದಿ ನೈಟ್ ಆಫ್ ದಿ ಫಿಫ್ತ್ ಇನ್ ದಿ ಲೋವರ್ ಬ್ಲಾಕ್ ಆಫ್ ಮೈ ಎಸ್ಟೇಟ್ ನಿಯರ್ ಸಿದ್ದಾಪುರ ಡ್ಯೂರಿಂಗ್ ಹೆವಿ ರೇನ್ ದಟ್ ಎ ಹರ್ಡ್ ಆಫ್ ಎಲಿಫಂಟ್ಸ್ ಡ್ಯಾಮೇಜ್ಡ್ ಮೈ ಕಾಫಿ.’ ಎರಡನೆಯ ‘ದಟ್’ ಎಲ್ಲಿಂದ ಬಂತು? ಮೊದಲ ‘ದಟ್’ ಬರೆದು ರಾತ್ರಿ, ತೋಟ, ಊರು, ಮಳೆ ಎಲ್ಲ ದಾಟುವಷ್ಟರಲ್ಲಿ ಗೇಟು ತೆರೆದದ್ದು ನೆನಪಿನಿಂದ ಜಾರಿರುತ್ತದೆ, ಕೈ ಮತ್ತೊಮ್ಮೆ ಗೇಟು ತೆರೆಯುತ್ತದೆ. ಇಂಗ್ಲಿಷ್ ಮನೆಮಾತಿನವರೂ ಮಾತಿನಲ್ಲಿ ಹೀಗೆ ಎರಡು ‘ದಟ್’ ಹಾಕುತ್ತಾರೆ, ಹಳೆಯ ಇಂಗ್ಲಿಷ್ ಗದ್ಯದಲ್ಲೂ ಇದು ಸಿಗುತ್ತದೆ. ಕೇಳುವವರಿಗೆ ಅದರಿಂದ ಸಹಾಯವೂ ಆಗುತ್ತದೆ. ನಾವೂ ಕನ್ನಡದಲ್ಲಿ ‘ಅವರು ಹೇಳಿದ್ದೇನೆಂದರೆ, ಮಳೆ ಜೋರಾದರೆ ರಸ್ತೆ ಮುಚ್ಚುತ್ತೇವೆ ಎಂದು’ ಎಂದು ಶುರುವಿಗೊಂದು ಕೊನೆಗೊಂದು ಗುರುತು ಹಾಕುವುದಿಲ್ಲವೇ? ಆದರೆ ಇಂದಿನ ಬರವಣಿಗೆಯ ಇಂಗ್ಲಿಷಿನಲ್ಲಿ ಎರಡನೆಯ ‘ದಟ್’ ತಪ್ಪೆಂದೇ ಲೆಕ್ಕ.

ಅದನ್ನು ಬರೀ ಹೊಡೆದುಹಾಕಿದರೆ ಸಾಲದು. ಅದು ಹುಟ್ಟಿದ್ದು ‘ದಟ್’ಗೂ ಕರ್ತೃವಿಗೂ ನಡುವೆ ತುಂಬ ಸಾಮಾನು ಸೇರಿದ್ದರಿಂದ. ಮುಂದೆ ಒಂದನ್ನೇ ಉಳಿಸಿಕೊಳ್ಳಿ. ಪರಿಹಾರದ ಅರ್ಜಿಗೆ ಮುಖ್ಯವಾದದ್ದು ಯಾವತ್ತು ಎಂಬುದು, ಆದ್ದರಿಂದ ರಾತ್ರಿ ಇರಲಿ. ಜಾಗ ಎಲ್ಲಿ ಎಂಬುದು ಹಾಳಾದ ಕಾಫಿಯ ಪಕ್ಕಕ್ಕೆ ಹೋಗಲಿ, ಮಳೆಯ ಮಾತಿಗೆ ಬೇರೆ ವಾಕ್ಯ ಇರಲಿ: ‘ಐ ಸ್ಟೇಟ್ ದಟ್ ಆನ್ ದಿ ನೈಟ್ ಆಫ್ ದಿ ಫಿಫ್ತ್ ಎ ಹರ್ಡ್ ಆಫ್ ಎಲಿಫಂಟ್ಸ್ ಡ್ಯಾಮೇಜ್ಡ್ ದಿ ಕಾಫಿ ಇನ್ ದಿ ಲೋವರ್ ಬ್ಲಾಕ್ ಆಫ್ ಮೈ ಎಸ್ಟೇಟ್ ನಿಯರ್ ಸಿದ್ದಾಪುರ. ಇಟ್ ವಾಸ್ ರೇನಿಂಗ್ ಹೆವಿಲಿ.’ ಐದನೆಯ ತಾರೀಖು ಅರ್ಜಿ ಬರೆದ ದಿನವೋ, ಆನೆ ಬಂದ ದಿನವೋ ಎಂದು ಪತ್ರ ಓದುವ ಅಧಿಕಾರಿ ಇನ್ನು ಕೇಳಬೇಕಾಗಿಲ್ಲ.